ಹುಲ್ಲಿನ ಸರದಿಯೋ, ಬೆಳೆಯ ಸರದಿಯೋ? ನಮ್ಮ ಮಸಾರಿ, ಎರೆ, ಸವಳು ಹೊಲಗಳಿಗೊಂದು ಹೋಲಿಕೆ

ಹೊಲವನ್ನು ಮೂರು ವರ್ಷ ಹುಲ್ಲಿಗೆ ಕೊಟ್ಟು ಆಮೇಲೆ ಮೂರು ವರ್ಷ ಬೆಳೆ ತೆಗೆದರೆ ಸತ್ತ ಮಣ್ಣು ಮತ್ತೆ ಜೀವ ಹಿಡಿಯುತ್ತದೆ ಎಂಬ ಮಾತು ಈಗ ಕೃಷಿ ಮೇಳಗಳಲ್ಲೂ ಕೇಳುತ್ತದೆ, ಮೊಬೈಲ್ ವಿಡಿಯೋಗಳಲ್ಲೂ ಕೇಳುತ್ತದೆ. ಮಾತು ಸುಳ್ಳಲ್ಲ. ಆದರೆ ಕುಷ್ಟಗಿಯ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ನಿಜವಾಗುವುದು ಯಲಬುರ್ಗಾದ ಎರೆಯಲ್ಲಿ (ಕಪ್ಪು ಮಣ್ಣಿನಲ್ಲಿ) ನಿಜವಾಗಬೇಕೆಂದಿಲ್ಲ. ಮಾನ್ವಿ ಕಡೆಯ ಕಾಲುವೆ ಟೇಲೆಂಡಿಗಂತೂ, ಅಂದರೆ ಕಾಲುವೆ ಮುಗಿಯುವ ಕೊನೆಯ ಭಾಗಕ್ಕಂತೂ, ಲೆಕ್ಕವೇ ಬೇರೆ. ಹಾಗಾಗಿ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ನೋಡೋಣ: ತೆಳು ಮಸಾರಿಗೆ ಮತ್ತು ಸವಳು (ಉಪ್ಪು) ಹತ್ತಿದ ನೆಲಕ್ಕೆ ಹುಲ್ಲಿನ ಸರದಿ ಒಳ್ಳೆಯದು. ಆಳವಾದ ಎರೆಗೆ ಬೇಡ, ಅಲ್ಲಿ ಬೇಳೆಕಾಳಿನ ಸರದಿ ಮತ್ತು ಒಡ್ಡಿನ ಮೇಲಿನ ಹುಲ್ಲು ಸಾಕು. ಮನೆಯಲ್ಲಿ ಕುರಿ, ದನ ಇಲ್ಲದವರು, ಹೊಲವನ್ನು ವರ್ಷದ ಲಾವಣಿಗೆ (ಗೇಣಿಗೆ) ಹಿಡಿದವರು ಮೂರು ವರ್ಷದ ಹುಲ್ಲಿಗೆ ಕೈಹಾಕುವುದು ಬೇಡ. ಅವರಿಗೆ ಬೇರೆ ದಾರಿಗಳಿವೆ.

ಹುಲ್ಲು ನೆಲಕ್ಕೆ ಮಾಡುವ ಕೆಲಸ

ಜೋಳ, ಸಜ್ಜೆ, ಶೇಂಗಾ ಯಾವುದೇ ಇರಲಿ, ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಮಾತ್ರ ಮಣ್ಣೊಳಗೆ ಜೀವಂತ ಬೇರಿರುತ್ತದೆ. ಉಳಿದ ಎಂಟು ತಿಂಗಳು ಹೊಲ ಬತ್ತಲೆ. ಅದರ ಮೇಲೆ ರಂಟೆ, ಕುಂಟೆ, ಈಗ ರೋಟವೇಟರ್ ಬೇರೆ. ಮಣ್ಣನ್ನು ಮಗುಚಿದಷ್ಟೂ ಅದರಲ್ಲಿರುವ ಸಾವಯವ ಇಂಗಾಲ ಬೇಗ ಕೊಳೆತು ಗಾಳಿಗೆ ಹೋಗುತ್ತದೆ, ನಮ್ಮ ಬಿಸಿಲಿಗೆ ಇನ್ನೂ ಬೇಗ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’ ಎಂದು ಬರೆದಿರುತ್ತಾರೆ. ನಮ್ಮ ಒಣಬೇಸಾಯದ ಹೊಲಗಳ ಕಾರ್ಡು ಕೈಯಲ್ಲಿದ್ದವರಿಗೆ ಆ ಪದ ಹೊಸದಲ್ಲ.

ಬಹುವಾರ್ಷಿಕ ಹುಲ್ಲು ಇದ್ದ ಕಡೆ ಎರಡು ಸಂಗತಿ ಬದಲಾಗುತ್ತವೆ. ಒಂದು, ಉಳುಮೆ ನಿಲ್ಲುತ್ತದೆ. ಎರಡು, ನೂಲಿನಂಥ ಸಣ್ಣ ಬೇರುಗಳು ಹುಟ್ಟುತ್ತ, ಸಾಯುತ್ತ, ಮತ್ತೆ ಹುಟ್ಟುತ್ತ ಮಣ್ಣಿನ ಕಣಗಳನ್ನು ಕಟ್ಟಿಹಿಡಿಯುತ್ತವೆ. ಬೇರಿನ ಜೊತೆ ಬದುಕುವ ಶಿಲೀಂಧ್ರದ ಎಳೆಗಳೂ ಅದೇ ಕೆಲಸ ಮಾಡುತ್ತವೆ. ಇದರಿಂದ ಮಣ್ಣು ಪುಡಿಯಾಗಿ ಉಳಿಯದೆ ಸಣ್ಣ ಸಣ್ಣ ಹರಳಾಗಿ ನಿಲ್ಲುತ್ತದೆ, ಮಳೆನೀರು ಹರಿದು ಹೋಗುವ ಬದಲು ಇಂಗುತ್ತದೆ. ಹುಲ್ಲಿನ ಜೊತೆ ಸ್ಟೈಲೋದಂಥ ದ್ವಿದಳ ಮೇವು ಇದ್ದರೆ ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ.

ಇದು ಬರೀ ನಂಬಿಕೆಯ ಮಾತಲ್ಲ. ದಕ್ಷಿಣ ಅಮೆರಿಕದ ಉರುಗ್ವೆ ದೇಶದ ಲಾ ಎಸ್ತಾನ್ಸುಯೆಲಾ ಸಂಶೋಧನಾ ಕೇಂದ್ರದಲ್ಲಿ 1963ರಲ್ಲಿ ಶುರುವಾದ ಪ್ರಯೋಗ ಇಂದಿಗೂ ನಡೆದಿದೆ: ಒಂದು ಕಡೆ ಬರೀ ಬೆಳೆ, ಇನ್ನೊಂದು ಕಡೆ ಕೆಲವು ವರ್ಷ ಬೆಳೆ, ಕೆಲವು ವರ್ಷ ಹುಲ್ಲು. ಬರೀ ಬೆಳೆಯ ಮಡಿಗಳಲ್ಲಿ ಇಂಗಾಲ ಇಳಿಯುತ್ತ ಹೋಯಿತು, ಹುಲ್ಲಿನ ಸರದಿ ಇದ್ದ ಮಡಿಗಳಲ್ಲಿ ಅದು ಹೆಚ್ಚು ಕಡಿಮೆ ನಿಂತಿತು. ಆದರೆ ಅಲ್ಲಿ ಬೀಳುವ ಮಳೆ ನಮ್ಮದರ ಸುಮಾರು ಎರಡು ಪಟ್ಟು. ಅಲ್ಲಿಯ ಒಬ್ಬ ರೈತನ ಜಮೀನು ನಮ್ಮ ಒಂದು ಊರಿನಷ್ಟಿರಬಹುದು, ಸುತ್ತ ತಂತಿಬೇಲಿಯೂ ಇರುತ್ತದೆ.

ಬೇಲಿಯ ಮಾತು ಸಣ್ಣದಲ್ಲ. ಆಸ್ಟ್ರೇಲಿಯಾದ ಗೋಧಿ ಸೀಮೆಯಲ್ಲಿ ಗೋಧಿ ಒಂದು ವರ್ಷ, ಕುರಿ ಮೇಯುವ ದ್ವಿದಳ ಮೇವು ಒಂದೆರಡು ವರ್ಷ ಎಂಬ ಪದ್ಧತಿ ದಶಕಗಟ್ಟಲೆ ಚೆನ್ನಾಗಿ ನಡೆಯಿತು. ಅದನ್ನೇ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಣನಾಡುಗಳಿಗೆ ಒಯ್ದಾಗ ಬಹುಪಾಲು ಕಡೆ ನೆಲೆ ನಿಲ್ಲಲಿಲ್ಲ. ತುಂಡು ಹಿಡುವಳಿ ಮತ್ತು ಸುಗ್ಗಿಯಾದ ಮೇಲೆ ಎಲ್ಲರ ಹೊಲಕ್ಕೂ ಎಲ್ಲರ ಕುರಿ ನುಗ್ಗುವ ರೂಢಿ ಅದಕ್ಕೆ ದೊಡ್ಡ ಕಾರಣಗಳು. ನಮ್ಮೂರುಗಳ ರೂಢಿ ಅದಕ್ಕಿಂತ ಬೇರೆಯಲ್ಲ. ಹಿಂಗಾರಿ ರಾಶಿ ಮುಗಿದ ಮೇಲೆ ಯಾರ ದನ ಯಾರ ಹೊಲದಲ್ಲಿದೆ ಎಂದು ಕೇಳುವವರು ಯಾರು?

ಕೈಯಲ್ಲಿರುವ ದಾರಿಗಳು

ಮೊದಲನೆಯದು ಹಳೆಯದೇ: ಬೆಳೆಯ ಸರದಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ. ಅಥವಾ ಒಂದು ವರ್ಷ ಜೋಳ, ಮರುವರ್ಷ ಕಡಲೆ. ಮಸಾರಿಯಲ್ಲಿ ಶೇಂಗಾ, ಸಜ್ಜೆ, ತೊಗರಿಯ ಸಾಲು. ಇದಕ್ಕೆ ಹೊಸ ಬಂಡವಾಳ ಬೇಕಿಲ್ಲ, ಪ್ರತಿ ವರ್ಷ ಕಾಳು ಕೈಗೆ ಬರುತ್ತದೆ, ಹೊಟ್ಟು ಕಣಿಕೆ ದನಕ್ಕೆ ಸಿಗುತ್ತದೆ. ಸಾರಜನಕದ ಮಟ್ಟಿಗೆ ಒಳ್ಳೆಯದು, ರೋಗ ಕೀಟದ ಕೊಂಡಿಯೂ ಕಳಚುತ್ತದೆ. ಇಂಗಾಲದ ಮಟ್ಟಿಗೆ ಮಾತ್ರ ಬಲ ಸಾಲದು. ಬೇಳೆಕಾಳಿನ ಬೇರು ಕಡಿಮೆ, ಎಲೆ ಬೇಗ ಕೊಳೆಯುತ್ತದೆ, ಉಳುಮೆಯಂತೂ ನಿಲ್ಲುವುದಿಲ್ಲ. ಹೊಟ್ಟು ಕಣಿಕೆಯೆಲ್ಲ ಬಣವೆಗೆ ಹೋಗಿ ಗೊಬ್ಬರ ತಿರುಗಿ ಹೊಲಕ್ಕೆ ಬಾರದಿದ್ದರೆ ಸರದಿ ಬದಲಿಸಿಯೂ ಮಣ್ಣು ಬಡವಾಗುತ್ತ ಹೋಗುತ್ತದೆ.

ಎರಡನೆಯದು ಒಂದೇ ಹಂಗಾಮಿನ ಮೇವು. ಮೇವಿನ ಅಲಸಂದೆ, ಹಲವು ಸಲ ಕೊಯ್ಯುವ ಮೇವಿನ ಜೋಳ, ಆಫ್ರಿಕನ್ ಟಾಲ್ ಗೋವಿನಜೋಳ, ಇಲ್ಲವೇ ಮಣ್ಣಿಗೇ ಸೇರಿಸುವ ಸೆಣಬು, ಡಯಾಂಚ. ಐವತ್ತು ಅರವತ್ತು ದಿನದ ಕೆಲಸ. ಇದನ್ನು ಹುಲ್ಲಿನ ಸರದಿ ಎಂದು ಮಾರುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬಿತ್ತಲು ಉಳುತ್ತೀರಿ, ಕೊಯ್ದಾದ ಮೇಲೆ ಮತ್ತೆ ಉಳುತ್ತೀರಿ, ಹಸಿಮೇವನ್ನು ಹೊರಗೆ ಒಯ್ಯುತ್ತೀರಿ. ಹೊಲಕ್ಕೆ ಉಳಿಯುವುದು ಬೇರು ಮತ್ತು ಅಷ್ಟು ದಿನದ ನೆರಳು. ಹಾಗಂತ ಕಡೆಗಣಿಸುವಂಥದ್ದಲ್ಲ. ಬಿರುಮಳೆ ಬತ್ತಲೆ ನೆಲಕ್ಕೆ ಬಡಿಯುವುದನ್ನು ಅದು ತಪ್ಪಿಸುತ್ತದೆ, ಮತ್ತು ಲಾವಣಿ ರೈತನೂ ಮಾಡಬಹುದಾದ ಕೆಲಸ. ಒಂದು ಎಚ್ಚರಿಕೆ: ಎಳೆಯ ಜೋಳದಲ್ಲಿ, ಅದರಲ್ಲೂ ಮಳೆ ಹೋಗಿ ಬಾಡಿದ ಜೋಳದಲ್ಲಿ ಸಯನೈಡ್ ವಿಷವಿರುತ್ತದೆ. 45 ದಿನದ ಒಳಗಿನ ಬೆಳೆಗೆ ದನ ಬಿಡಬಾರದು, ಹೂವಿಗೆ ಬಂದ ಮೇಲೆ ಕೊಯ್ದರೆ ಭಯವಿಲ್ಲ. ರಾಶಿಯಾದ ಮೇಲೆ ಕೂಳೆಯಲ್ಲಿ ಬರುವ ಹಸಿರು ಚಿಗುರು ಇನ್ನೂ ಅಪಾಯ.

ಮೂರನೆಯದೇ ನಿಜವಾದ ಹುಲ್ಲಿನ ಸರದಿ: ಅಂಜನ್ ಹುಲ್ಲು ಮತ್ತು ಸ್ಟೈಲೋ ಕೂಡಿಸಿ ಬಿತ್ತಿ, ಕನಿಷ್ಠ ಮೂರು ವರ್ಷ ಬಿಟ್ಟು, ಆಮೇಲೆ ಮುರಿದು ಬೆಳೆಗೆ ತರುವುದು. ಮೊದಲ ವರ್ಷ ಹೊಲ ನೋಡಿದರೆ ನಗು ಬರುವ ಹಾಗಿರುತ್ತದೆ, ಸ್ಟೈಲೋ ನೆಲ ಹಿಡಿಯುವುದು ಅಷ್ಟು ನಿಧಾನ. ಎರಡನೆಯ ವರ್ಷದಿಂದ ಅದರ ಬಲ ಕಾಣುತ್ತದೆ, ತಾನೇ ಬೀಜ ಉದುರಿಸಿಕೊಂಡು ಹಬ್ಬುತ್ತದೆ. ಮಣ್ಣಿಗೆ ಲಾಭವಾಗುವುದೂ ಆಮೇಲೆಯೇ. ಒಂದೇ ವರ್ಷಕ್ಕೆ ಬೇಸತ್ತು ಮುರಿದರೆ ಬೀಜದ ಖರ್ಚೂ ಹೋಯಿತು, ಬೆಳೆಯೂ ಹೋಯಿತು.

ನಾಲ್ಕನೆಯದು ನಮ್ಮಲ್ಲಿ ಯಾರೂ ಸರದಿ ಎಂದು ಕರೆಯದ ಸರದಿ: ಹೊಲದಲ್ಲಿ ಕುರಿ ನಿಲ್ಲಿಸುವುದು. ರಾಶಿ ಮುಗಿದ ಮೇಲೆ ಮಂದೆ ಬರುತ್ತದೆ, ಹಗಲು ಕೂಳೆ ಮೇಯುತ್ತದೆ, ರಾತ್ರಿ ಬಲೆಯೊಳಗೆ ಮಲಗುತ್ತದೆ, ಮರುದಿನ ಬಲೆ ಮುಂದೆ ಸರಿಯುತ್ತದೆ. ಕುರಿಗಾರರಿಗೆ ಕಾಳು ಇಲ್ಲವೇ ರೊಕ್ಕ ಕೊಡುವುದು ರೂಢಿ. ಕುರಿಗೊಬ್ಬರದಲ್ಲಿ ಸುಮಾರು ಶೇ. 3 ಸಾರಜನಕ, ಶೇ. 1 ರಂಜಕ, ಶೇ. 2 ಪೊಟ್ಯಾಷ್ ಎಂದು ಲೆಕ್ಕ. ತಿಪ್ಪೆಗೊಬ್ಬರಕ್ಕಿಂತ ಅದು ಎಷ್ಟೋ ಸಾರ. ಒಂದು ಕುರಿ ರಾತ್ರಿಗೆ ಅರ್ಧ ಕಿಲೋ ಹಿಕ್ಕೆ ಹಾಕುತ್ತದೆ ಎಂದು ಹಿಡಿದರೂ 500 ಕುರಿ ನಾಲ್ಕು ರಾತ್ರಿ ನಿಂತರೆ ಒಂದು ಟನ್. ಗಂಜಲ ಬೇರೆ, ಅದು ನೇರ ಮಣ್ಣಿಗೇ ಇಳಿಯುತ್ತದೆ. ಗಾಡಿ ಬಾಡಿಗೆಯೂ ಇಲ್ಲ. ಮಂದೆ ಎದ್ದು ಹೋದ ಮೇಲೆ ತಡಮಾಡದೆ ಒಂದು ಸಲ ಕುಂಟೆ ಹೊಡೆದರೆ ಸಾರಜನಕ ಆವಿಯಾಗಿ ಹೋಗುವುದು ಕಡಿಮೆಯಾಗುತ್ತದೆ.

ಇದರಲ್ಲೂ ಎರಡು ಮಾತು ಯೋಚಿಸಬೇಕು. ಕುರಿ ತಂದು ಹಾಕುವ ಆ ಸಾರ ಬರುವುದು ಎಲ್ಲಿಂದ? ಗಾಯರಾಣದಿಂದ (ಊರ ಗೋಮಾಳದಿಂದ), ಗುಡ್ಡದಿಂದ, ಹಳ್ಳದ ದಂಡೆಯಿಂದ. ಅಲ್ಲಿ ಮೇದದ್ದನ್ನು ನಮ್ಮ ಹೊಲದಲ್ಲಿ ಇಳಿಸುತ್ತದೆ. ಗಾಯರಾಣ ಒತ್ತುವರಿಯಾಗಿ, ಉಳಿದದ್ದು ಬೋಳಾಗಿ ನಿಂತರೆ ಈ ದಾರಿಯೂ ಸವೆಯುತ್ತದೆ. ಇನ್ನೊಂದು, ಬಳ್ಳಾರಿ ಜಾಲಿ. ಬೇಸಿಗೆಯಲ್ಲಿ ಬೇರೆ ಮೇವಿಲ್ಲದಾಗ ಕುರಿ ಆಡು ಅದರ ಕಾಯಿ ತಿನ್ನುತ್ತವೆ, ಬೀಜ ಕರಗದೆ ಹಿಕ್ಕೆಯ ಜೊತೆ ಬೀಳುತ್ತದೆ. ಮಂದೆ ನಿಂತ ಜಾಗದಲ್ಲಿ ಮೊದಲ ಮಳೆಗೆ ಜಾಲಿ ಸಸಿ ಎದ್ದರೆ ಎರಡೆಲೆ ಇದ್ದಾಗಲೇ ಹರಗಬೇಕು. ಆಮೇಲೆ ಜೆಸಿಬಿಯ ಕೆಲಸ.

ಹೊಲವನ್ನು ಸುಮ್ಮನೆ ಪಡ ಬಿಡುವುದನ್ನು ಐದನೆಯ ದಾರಿ ಎಂದು ಎಣಿಸುವವರೂ ಉಂಟು. ಮೊದಲು ಪಡ ಬಿದ್ದ ನೆಲದಲ್ಲಿ ಒಳ್ಳೆಯ ಹುಲ್ಲು ಬರುತ್ತಿತ್ತು. ಈಗ ಬರುವುದು ಕಾಂಗ್ರೆಸ್ ಕಸ, ಕರಿಕೆ ಮತ್ತು ಅದೇ ಜಾಲಿ. ಅದು ಹುಲ್ಲಿನ ಸರದಿ ಅಲ್ಲ.

ನೇಪಿಯರ್ ಹುಲ್ಲಿನ ಬಗ್ಗೆ ಕೇಳುತ್ತೀರೆಂದು ಗೊತ್ತು. ಅದು ಸರದಿಯ ಬೆಳೆಯಲ್ಲ, ಮೇವಿನ ತೋಟ. ನೀರು ಬೇಕು, ಗೊಬ್ಬರ ಬೇಕು. ಕೊಳವೆಬಾವಿ ಇದ್ದವರು ಎರಡು ಹಸುವಿಗೆ ಹತ್ತು ಗುಂಟೆ ಹಾಕಿಕೊಳ್ಳಲಿ. ಮಣ್ಣು ಸುಧಾರಣೆಯ ಲೆಕ್ಕಕ್ಕೆ ಅದನ್ನು ತರುವುದು ಬೇಡ.

ಮಸಾರಿ: ಹುಲ್ಲು ಗೆಲ್ಲುವ ಜಾಗ

ಕುಷ್ಟಗಿ, ಕನಕಗಿರಿ, ಕೊಪ್ಪಳ ತಾಲೂಕಿನ ಕೆಂಪು ಮಸಾರಿ, ಲಿಂಗಸುಗೂರು, ದೇವದುರ್ಗ ಕಡೆಯ ಗರಸು ಕೂಡಿದ ನೆಲ. ಮಣ್ಣು ತೆಳು, ಕೆಳಗೆ ಗರಸು. ಮಳೆ ಬಿದ್ದು ಒಣಗಿದರೆ ಮೇಲೆ ಹಕ್ಕಳೆ ಕಟ್ಟಿ ಸಜ್ಜೆ ಮೊಳಕೆ ಏಳಲು ಒದ್ದಾಡುತ್ತದೆ. ಇಳಿಜಾರಿದ್ದರೆ ಪ್ರತಿ ಮಳೆಗೂ ಮೇಲ್ಮಣ್ಣು ಹಳ್ಳ ಸೇರುತ್ತದೆ. ನೀರು ಹಿಡಿದಿಡುವ ಶಕ್ತಿ ಕಡಿಮೆಯಾದ್ದರಿಂದ ಎರಡು ವಾರ ಮಳೆ ತಪ್ಪಿದರೆ ಬೆಳೆ ಹೋಯಿತು. ಅಂಥ ಕಡೆ ಅಂಜನ್ ಹುಲ್ಲು ಸುಮ್ಮನೆ ಒಣಗಿದಂತೆ ನಿಂತಿದ್ದು ಮತ್ತೊಂದು ಮಳೆಗೆ ಚಿಗುರುತ್ತದೆ. ಅದೇ ಅದರ ದೊಡ್ಡ ಗುಣ. ಬರಗಾಲದಲ್ಲಿ ಕಾಳಿನ ಬೆಳೆ ಪೂರ್ತಿ ಕೈಕೊಡುತ್ತದೆ, ಹುಲ್ಲು ಅರ್ಧವಾದರೂ ಕೊಡುತ್ತದೆ. 2023ರ ಬರದಲ್ಲಿ ಕಣಿಕೆಗೆ ಊರೂರು ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಟ್ಟೆಯ ಮೇಲೆ ಈ ಮಾತು ತೆಗೆದರೆ ಹಿರಿಯರಿಂದ ಮೊದಲು ಬರುವ ಪ್ರಶ್ನೆ: “ಹುಲ್ಲ ಬಿತ್ತಿದ್ರ ಮನಿ ಮಂದಿ ಏನ್ ತಿನ್ನಬೇಕೋ ತಮ್ಮಾ?” ಕೇಳಬೇಕಾದ ಪ್ರಶ್ನೆಯೇ. ಅದಕ್ಕೇ ಇಡೀ ಹೊಲ ಹುಲ್ಲಿಗೆ ಕೊಡುವ ಮಾತಿಲ್ಲ. ಎಂಟು ಎಕರೆ ಇದ್ದರೆ ಅದರಲ್ಲಿ ಅತ್ಯಂತ ಕೆಟ್ಟ ಎರಡು ಎಕರೆ, ಸಾಮಾನ್ಯವಾಗಿ ಮೇಲಿನ ಇಳಿಜಾರು ತುಂಡು, ಮೊದಲು ಹುಲ್ಲಿಗೆ ಹೋಗಲಿ. ಮೂರು ವರ್ಷದ ಮೇಲೆ ಅದನ್ನು ಬೆಳೆಗೆ ತಂದು ಪಕ್ಕದ ಎರಡು ಎಕರೆ ಹುಲ್ಲಿಗೆ ಹೋಗಲಿ. ಹೀಗೆ ಒಂದು ಸುತ್ತಿಗೆ ಹನ್ನೆರಡು ವರ್ಷ ಬೇಕು. ನಿಧಾನ ಎನ್ನಿಸಿದರೂ ಮಣ್ಣಿನ ಲೆಕ್ಕದಲ್ಲಿ ಅದು ದೊಡ್ಡ ಅವಧಿಯೇನಲ್ಲ.

ಇನ್ನು ಕಾಸಿನ ಲೆಕ್ಕ. ಮೂವತ್ತು ಕಿಲೋ ತೂಗುವ ಕೆಂಗುರಿಗೆ ದಿನಕ್ಕೆ ಸುಮಾರು ಒಂದು ಕಿಲೋ ಒಣಮೇವು ಬೇಕು. ಎರಡನೆಯ ವರ್ಷದ ಹುಲ್ಲು, ಸ್ಟೈಲೋ ಎಕರೆಗೆ ಒಂದೂವರೆ ಟನ್ ಒಣಮೇವು ಕೊಟ್ಟಿತು ಎಂದಿಟ್ಟುಕೊಳ್ಳೋಣ. ಅದರಲ್ಲಿ ಮೂರನೆಯ ಒಂದು ಪಾಲು ನೆಲದಲ್ಲೇ ಉಳಿಯಬೇಕು, ಬೋಳು ಮಾಡಿದರೆ ಮಣ್ಣಿಗೆ ಬರಬೇಕಾದ ಲಾಭವೂ ಹೋಗುತ್ತದೆ. ಉಳಿದ ಒಂದು ಟನ್ ಹತ್ತು ಕುರಿಗೆ ನೂರು ದಿನದ ಮೇವು. ನಿಮ್ಮ ಆ ಕೆಟ್ಟ ತುಂಡಿನಲ್ಲಿ ಕಳೆದ ಐದು ವರ್ಷ ಬಂದ ಸಜ್ಜೆ, ಶೇಂಗಾವನ್ನು ಒಂದು ಚೀಟಿಯಲ್ಲಿ ಬರೆದು, ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಕಳೆದು, ಹತ್ತು ಕುರಿ ನೂರು ದಿನ ಮೇದು ಏರಿಸಿಕೊಳ್ಳುವ ತೂಕದ ಜೊತೆ ಇಟ್ಟು ನೋಡಿ. ಒಳ್ಳೆಯ ತುಂಡಿಗೆ ಈ ಲೆಕ್ಕ ಹುಲ್ಲಿನ ಪರವಾಗಿ ಬರುವುದಿಲ್ಲ, ಕೆಟ್ಟ ತುಂಡಿಗೆ ಬಹಳ ಸಲ ಬರುತ್ತದೆ. ಕುರಿಯೇ ಇಲ್ಲದವರು ಒಣಹುಲ್ಲು ಮಾರುತ್ತೇನೆ ಎಂದರೆ ಕೊಯ್ಲಿನ ಕೂಲಿಯೇ ಲಾಭ ತಿನ್ನುತ್ತದೆ. ಹುಲ್ಲು ಕೊಯ್ದು ಹೊರಗೆ ಹೋದರೆ ಪೊಟ್ಯಾಷ್, ರಂಜಕ ಕೂಡ ಜೊತೆಯಲ್ಲೇ ಹೋಗುತ್ತವೆ.

ಬಿತ್ತನೆಯಲ್ಲಿ ಕೆಡುವುದೇ ಹೆಚ್ಚು, ಅದಕ್ಕೆ ಸ್ವಲ್ಪ ವಿವರ. ಸ್ಟೈಲೋ ಬೀಜದ ತೊಗಟೆ ಗಟ್ಟಿ, ಹಾಗೇ ಬಿತ್ತಿದರೆ ಬಹುಪಾಲು ಮೊಳೆಯುವುದಿಲ್ಲ. 80 ಡಿಗ್ರಿ ಬಿಸಿನೀರಿನಲ್ಲಿ, ಅಂದರೆ ಕುದಿಯುವ ಮುಂಚಿನ ನೀರಿನಲ್ಲಿ, ನಾಲ್ಕು ನಿಮಿಷ ಅದ್ದಿ ತೆಗೆದು ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಬೇಕು. ಅಂಜನ್ ಬೀಜಕ್ಕೆ ನೂಲಿನಂಥ ತುಪ್ಪಳವಿರುವುದರಿಂದ ಗಾಳಿಗೆ ಹಾರುತ್ತದೆ, ಹಸಿ ಮಣ್ಣಿನಲ್ಲಿ ಕಲಸಿ ಚೆಲ್ಲಬೇಕು. ಅದರ ಹೊಸ ಬೀಜಕ್ಕಿಂತ ಆರೇಳು ತಿಂಗಳು ಇಟ್ಟ ಬೀಜ ಚೆನ್ನಾಗಿ ಮೊಳೆಯುತ್ತದೆ. ಎಕರೆಗೆ ಎರಡೂ ತಲಾ ಎರಡೂವರೆ ಮೂರು ಕಿಲೋ. ಕೂರಿಗೆಯಲ್ಲಿ ಆಳಕ್ಕೆ ಇಳಿಸಬಾರದು, ಒಂದು ಸೆಂಟಿಮೀಟರ್ ಮಣ್ಣು ಮುಚ್ಚಿದರೆ ಸಾಕು. ಮಿರಗ ಮಳೆ ಹದವಾಗಿ ಬಂದ ಮೇಲೆ ಬಿತ್ತಿ, ಎಪ್ಪತ್ತೈದು ದಿನದವರೆಗೆ ಯಾವ ಪ್ರಾಣಿಯನ್ನೂ ಬಿಡದೆ, ಮೊದಲ ವರ್ಷ ಕೊಯ್ದೇ ಹಾಕುವುದು ಲೇಸು. ಬೀಜಕ್ಕೆ ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ವಲಯ ಕೇಂದ್ರ, ಇಲ್ಲವೇ ಗಂಗಾವತಿ, ರಾಯಚೂರು, ಹಗರಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿ.

ಹೊಸ ಹಸಿರಿಗೆ ಕುರಿ ಬಿಡುವ ಮುಂಚೆ ಕರುಳುಬೇನೆಯ ಲಸಿಕೆ ಹಾಕಿಸಿರಬೇಕು. ಒಣಮೇವಿನ ಹೊಟ್ಟೆಗೆ ಒಮ್ಮೆಲೇ ಎಳೆಹುಲ್ಲು ಬಿದ್ದಾಗಲೇ ಅದು ಕಾಡುವುದು, ಅದೂ ಮಂದೆಯ ಚೆನ್ನಾದ ಕುರಿಗಳನ್ನೇ ಹುಡುಕಿ ಒಯ್ಯುತ್ತದೆ.

ಎರೆ: ಇಲ್ಲಿ ಹುಲ್ಲು ಏಕೆ ಬೇಡ

ಯಲಬುರ್ಗಾ, ಕುಕನೂರು, ಬಳ್ಳಾರಿ ಸುತ್ತಿನ ಆಳವಾದ ಎರೆ ಹೊಲದ ಬಂಡವಾಳವೇ ಅದು ಒಳಗೆ ಹಿಡಿದಿಡುವ ನೀರು. ಒಂದು ಮೀಟರ್ ಆಳದ ಎರೆಯಲ್ಲಿ 150 ಮಿ.ಮೀ. ಮೇಲೆಯೇ ಬೆಳೆಗೆ ಸಿಗುವ ನೀರು ನಿಲ್ಲುತ್ತದೆ. ಹಿಂಗಾರಿ ಜೋಳ, ಕಡಲೆ ಮಳೆಯಿಲ್ಲದೆ ಬರೀ ಇಬ್ಬನಿಗೆ ಬೆಳೆಯಿತು ಎನ್ನುತ್ತೇವಲ್ಲ, ಬೆಳೆದದ್ದು ಈ ನೀರಿನ ಮೇಲೆ. ಮೂರು ವರ್ಷ ಹುಲ್ಲಿದ್ದರೆ ಅದರ ಆಳದ ಬೇರು ಆ ಕಣಜವನ್ನು ತಳ ಬಳಿದು ಬರಿದು ಮಾಡುತ್ತದೆ. ಹುಲ್ಲು ಮುರಿದ ವರ್ಷ ಹುಬ್ಬಿ, ಉತ್ತರಿ ಮಳೆ ಚೆನ್ನಾಗಿ ಬಾರದಿದ್ದರೆ ಹಿಂಗಾರಿ ಬೆಳೆ ಅರ್ಧಕ್ಕೇ ಸೊರಗುತ್ತದೆ. ಬೇರೆ ತೊಡಕೂ ಇದೆ. ಹಸಿ ಎರೆಯಲ್ಲಿ ದನ ಅಡ್ಡಾಡಿದರೆ ನೆಲ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಸ್ಟೈಲೋ ಸಾಮಾನ್ಯವಾಗಿ ಇಂಥ ಭಾರದ ಮಣ್ಣಿನಲ್ಲಿ ಚೆನ್ನಾಗಿ ಏಳುವುದೂ ಇಲ್ಲ.

ಆದರೆ ಎರೆಯ ನಮ್ಮ ಹಳೆಯ ಪದ್ಧತಿಯಲ್ಲೂ ಒಂದು ದೊಡ್ಡ ತೂತಿದೆ. ಮುಂಗಾರಿಯಲ್ಲಿ ಹೊಲ ಹರಗಿ ಬತ್ತಲೆ ಬಿಟ್ಟು ಹಿಂಗಾರಿಗೆ ಬಿತ್ತುತ್ತೇವೆ. ನಮ್ಮ ಭಾಗದಲ್ಲಿ ಜೋರು ಮಳೆ ಆಗಸ್ಟ್, ಸೆಪ್ಟೆಂಬರಿನಲ್ಲೇ, ಹೊಲದ ಮೇಲೆ ಒಂದು ಎಲೆಯ ನೆರಳೂ ಇಲ್ಲದ ಹೊತ್ತಿನಲ್ಲಿ. ಬಳ್ಳಾರಿಯಲ್ಲಿ 1950ರ ದಶಕದಿಂದ ಇರುವ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ಇಷ್ಟು ವರ್ಷ ತಲೆಕೆಡಿಸಿಕೊಂಡದ್ದು ಈ ಎರೆಯ ಕೊಚ್ಚಣೆ ಮತ್ತು ಇಂಗದ ನೀರಿನ ಬಗ್ಗೆಯೇ. ಜೋಳದ ಕೂಳೆಯನ್ನು ಅಡ್ಡ ಸಾಲು ತೋಡಿ ನೆಟ್ಟಗೆ ಹುಗಿದು ನೀರು ಕೆಳಕ್ಕೆ ಇಳಿಸುವ ವಿಧಾನವನ್ನೂ ಅಲ್ಲಿ ಪರೀಕ್ಷಿಸಿದ್ದಾರೆ.

ಹಾಗಾದರೆ ಮುಂಗಾರಿಯಲ್ಲಿ ಏನಾದರೂ ಬಿತ್ತಬೇಕೇ? ಜೂನ್ ಮಧ್ಯದೊಳಗೆ ಹದ ಸಿಕ್ಕರೆ ಅರವತ್ತೈದು ಎಪ್ಪತ್ತು ದಿನದ ಹೆಸರು ಬಿತ್ತಿ, ಕಾಯಿ ಬಿಡಿಸಿ, ಬಳ್ಳಿಯನ್ನು ಅಲ್ಲೇ ಬಿಟ್ಟು ಹಿಂಗಾರಿಗೆ ಅಣಿಯಾಗುವುದು ಎಲ್ಲಕ್ಕಿಂತ ಒಳ್ಳೆಯ ಆಯ್ಕೆ ಎಂದು ನನ್ನ ಎಣಿಕೆ. ಜುಲೈ ದಾಟಿದ ಮೇಲೆ ಆಸೆ ಬೇಡ. ತಡವಾದ ಹೆಸರು ಹಿಂಗಾರಿಯ ನೀರು ಕುಡಿದು ಎರಡನ್ನೂ ಕೆಡಿಸುತ್ತದೆ. ಹುಲ್ಲು ಬೇಕೇ ಬೇಕು ಎನ್ನುವವರಿಗೆ ಒಡ್ಡು ಇದೆಯಲ್ಲ. ಹೊಲದ ಒಡ್ಡುಗಳ ಮೇಲೆ ಅಂಜನ್, ಮಾರ್ವೆಲ್ ಹುಲ್ಲು, ಬೇಲಿ ಮೆಂತೆ ಹಚ್ಚಿದರೆ ಬೆಳೆಯ ಜಾಗ ಹೋಗುವುದಿಲ್ಲ, ಒಡ್ಡು ಒಡೆಯುವುದಿಲ್ಲ, ಎತ್ತಿಗೆ ದಿನಕ್ಕೊಂದು ಹೊರೆ ಸಿಗುತ್ತದೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಜಿಗುಟು ಕಪ್ಪು ಮಣ್ಣಿನಲ್ಲಿ ಬೆಳೆಗಳ ನಡುವೆ ಒಂದೆರಡು ವರ್ಷ ಹಾಕುವ ದ್ವಿದಳ ಮೇವೊಂದಿದೆ. ಅದು ನಮ್ಮ ಬೇಲಿಯಲ್ಲಿ ಹೂ ಬಿಡುವ ಶಂಖಪುಷ್ಪವೇ. ಎರೆಯಲ್ಲಿ ಯಾರಾದರೂ ಪ್ರಯೋಗ ಮಾಡುವುದಾದರೆ ಸ್ಟೈಲೋ ಬಿಟ್ಟು ಅದನ್ನು ಅರ್ಧ ಎಕರೆಯಲ್ಲಿ ಮಾಡಬಹುದು.

ಕಾಲುವೆ ಕೆಳಗೆ

ಗಂಗಾವತಿ, ಕಾರಟಗಿ, ಸಿಂಧನೂರಿನ ಮೇಲ್ಭಾಗದ ಗದ್ದೆಯವರಿಗೆ ಹುಲ್ಲು ಬಿತ್ತಿ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ನೀರಿರುವವರೆಗೆ ನೆಲ್ಲು ಹಾಕುತ್ತಾರೆ. ಆದರೆ ನೀರು ಎಷ್ಟು ದಿನ ಹೀಗೇ ಇರುತ್ತದೆ ಎಂಬುದು ಬೇರೆ ಮಾತು. ತುಂಗಭದ್ರಾ ಜಲಾಶಯಕ್ಕೆ ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಆ ಹೂಳು ಮೇಲಿನ ಸೀಮೆಯ ಹೊಲ, ಗುಡ್ಡಗಳಿಂದ ತೊಳೆದು ಬಂದ ಮಣ್ಣೇ. 2024ರ ಆಗಸ್ಟಿನಲ್ಲಿ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಎಡದಂಡೆ, ಬಲದಂಡೆ ಎರಡರ ರೈತರೂ ನಿದ್ದೆ ಬಿಟ್ಟು ಕೂತಿದ್ದರು. ಎರಡನೆಯ ಬೆಳೆಗೆ ನೀರಿಲ್ಲ ಎಂದ ವರ್ಷ ಗದ್ದೆಯನ್ನು ಸುಮ್ಮನೆ ಬಿಟ್ಟು ಹುಲ್ಲಿಗೆ ಬೆಂಕಿ ಹಚ್ಚುವ ಬದಲು, ಕೊಯ್ಲಾದ ಕೂಡಲೇ ಉಳಿದ ಹಸಿಯಲ್ಲಿ ಮೇವಿನ ಅಲಸಂದೆ ಅಥವಾ ಜೋಳ ಚೆಲ್ಲಿದರೆ ನೆಲ್ಲಿನ ಒಣಹುಲ್ಲಿನ ಜೊತೆ ಹಾಕಲು ಹಸಿಮೇವು ಸಿಗುತ್ತದೆ. ಒಣ ನೆಲ್ಲುಹುಲ್ಲೊಂದನ್ನೇ ತಿಂದ ದನ ಹಾಲು ಕೊಡುವುದು ಅಷ್ಟಕ್ಕಷ್ಟೇ. ಮಳೆಗಾಲದ ನಾಟಿಗೆ ಮುಂಚೆ ಎಕರೆಗೆ ಇಪ್ಪತ್ತು ಕಿಲೋ ಡಯಾಂಚ ಬಿತ್ತಿ, ಕಾಂಡ ಬಲಿಯುವ ಮುಂಚೆ, 45ರಿಂದ 50 ದಿನಕ್ಕೆ ಕೆಸರಿಗೆ ತುಳಿಸುವುದು ಇಲ್ಲಿ ಮಾಡಲೇಬೇಕಾದ ಕೆಲಸ.

ಟೇಲೆಂಡಿನ ಕಥೆ ಬೇರೆ. ಮಾನ್ವಿ, ಸಿರವಾರ ಕಡೆ ನೀರು ತಲುಪುವುದೇ ಅಪರೂಪ, ತಲುಪಿದ ಕಡೆ ಬಸಿಗಾಲುವೆ ಇಲ್ಲದೆ ಸವಳು ಮೇಲೆದ್ದ ತುಂಡುಗಳು ಎಷ್ಟೋ. ಅಲ್ಲಿ ನೆಲ್ಲು ಕೂಡ ಸುಟ್ಟಂತೆ ನಿಲ್ಲುತ್ತದೆ, ನೆಲ್ಲು ಉಪ್ಪು ತಡೆಯುವ ಬೆಳೆಯೇನಲ್ಲ. ಇಂಥ ತುಂಡಿಗೆ ರೋಡ್ಸ್ ಹುಲ್ಲು ಹಾಕುವುದು ಸರಿಯಾದ ಆಯ್ಕೆ. ಅದು ನೆಲ್ಲಿಗಿಂತ ಬಹಳ ಹೆಚ್ಚು ಉಪ್ಪು ತಡೆಯುತ್ತದೆ, ಮೂರ್ನಾಲ್ಕು ವರ್ಷ ಕೊಯ್ಯಬಹುದು. ಆದರೆ ಹುಲ್ಲೇ ಸವಳು ತೆಗೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಸಿಗಾಲುವೆ ತೋಡಿ, ಸಿಹಿನೀರು ಹಾಯಿಸಿ ಉಪ್ಪನ್ನು ತೊಳೆದು ಹೊರಹಾಕದೆ ಸವಳು ಹೋಗುವುದಿಲ್ಲ. ನೆಲ ಕರ್ಲಾಗಿ ಸೋಡಿಯಂ ಹೆಚ್ಚಿದ್ದರೆ ಜಿಪ್ಸಂ ಕೂಡ ಬೇಕು. ಹುಲ್ಲು ಮಾಡುವುದು ಇಷ್ಟು: ನೆಲ ಮುಚ್ಚಿ ಆವಿಯಾಗುವುದನ್ನು ತಗ್ಗಿಸಿ ಉಪ್ಪು ಮೇಲಕ್ಕೆ ಏರುವುದನ್ನು ನಿಧಾನಿಸುತ್ತದೆ, ಬೇರಿನ ದಾರಿಯಲ್ಲಿ ನೀರು ಇಳಿಯಲು ಅನುಕೂಲ ಮಾಡುತ್ತದೆ, ಆ ಅವಧಿಯಲ್ಲಿ ನಿಮಗೆ ಮೇವು ಕೊಡುತ್ತದೆ. ಯಾವ ಬಗೆಯ ಸವಳು ಎಂದು ತಿಳಿಯಲು ಇಸಿ (ಮಣ್ಣಿನ ಉಪ್ಪಿನ ಅಳತೆ) ಮತ್ತು ಪಿಎಚ್ (ಹುಳಿ, ಕ್ಷಾರದ ಅಳತೆ) ಎರಡೂ ಪರೀಕ್ಷೆಯಾಗಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಮಣ್ಣಿನ ಮೇಲೆಯೇ ಕೆಲಸ ಮಾಡುತ್ತ ಬಂದಿದೆ, ಅಲ್ಲಿ ಕೇಳುವುದು ಮೇಲು.

ನೀರು ನಿಲ್ಲುವ ಜಾಗಕ್ಕೆ ಪ್ಯಾರಾ ಹುಲ್ಲು ಚೆನ್ನಾಗಿ ಬರುತ್ತದೆ ಎಂದು ಕೆಲವರು ಕಾಲುವೆ ಪಕ್ಕದಲ್ಲೇ ಹಾಕುತ್ತಾರೆ. ಹಾಗೆ ಹಾಕಬೇಡಿ. ಅದು ಕಾಲುವೆಗೆ ಇಳಿದರೆ ನೀರಿನ ದಾರಿ ಕಟ್ಟುತ್ತದೆ. ಮೊದಲೇ ಟೇಲೆಂಡಿಗೆ ನೀರಿಲ್ಲ.

ಪರಿಸರದ ಲೆಕ್ಕ, ಲಾವಣಿಯ ಲೆಕ್ಕ

ಹುಲ್ಲು ಹಾಕಿದರೆ ಪರಿಸರಕ್ಕೆ ಒಳ್ಳೆಯದೇ ಎಂದು ಕಣ್ಣುಮುಚ್ಚಿ ಹೇಳುವ ಹಾಗಿಲ್ಲ. ಮಣ್ಣು ಕೊಚ್ಚುವುದು ತಗ್ಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಹತ್ತಿ, ಮೆಣಸಿನಕಾಯಿ ಇದ್ದ ಹೊಲ ಮೂರು ವರ್ಷ ಹುಲ್ಲಾದರೆ ಅಷ್ಟು ವರ್ಷ ಒಂದು ಹನಿ ಕೀಟನಾಶಕವೂ ಬೀಳುವುದಿಲ್ಲ. ಆದರೆ ಮೆಲುಕು ಹಾಕುವ ಪ್ರಾಣಿಗಳು ಮೀಥೇನ್ ಬಿಡುತ್ತವೆ. ಹುಲ್ಲಿನಲ್ಲಿ ಕೂಡಿದ ಇಂಗಾಲದ ಒಂದು ಪಾಲು ಮುರಿದು ಉತ್ತಾಗ ಮತ್ತೆ ಹೋಗುತ್ತದೆ. ಹುಲ್ಲು ಬಂತೆಂದು ಕುರಿಗಳ ಸಂಖ್ಯೆ ಏರಿಸಿದರೆ ಆ ಲಾಭ ಅಲ್ಲಿಗೇ ತೀರಿತು. ಇರುವ ಕುರಿಗಳೇ ಗಾಯರಾಣಕ್ಕೆ ಹೋಗುವುದು ಕಡಿಮೆಯಾಗಿ ಅದಕ್ಕೆ ಉಸಿರಾಡಲು ಬಿಡುವು ಸಿಕ್ಕರೆ ಅದು ಲಾಭ. ನಿಂತ ನೀರಿನ ನೆಲ್ಲುಗದ್ದೆಯೂ ಮೀಥೇನ್ ಬಿಡುತ್ತದೆ, ಆದ್ದರಿಂದ ಒಂದು ಹಂಗಾಮು ಗದ್ದೆ ಒಣಗಿ ಮೇವು ಬೆಳೆದರೆ ಅಲ್ಲೊಂದಿಷ್ಟು ತಗ್ಗುತ್ತದೆ.

ಲಾವಣಿಯವರಿಗೆ: ವರ್ಷವರ್ಷಕ್ಕೆ ಹೊಲ ಬದಲಾಗುವಾಗ ಮೂರು ವರ್ಷದ ಹುಲ್ಲಿನ ಫಲ ಉಣ್ಣುವುದು ಮಾಲೀಕ, ಖರ್ಚು ನಿಮ್ಮದು. ನೀವು ಹೆಸರು, ಅಲಸಂದೆ, ಕುರಿ ನಿಲ್ಲಿಸುವುದರಲ್ಲೇ ಇರಿ. ಐದಾರು ವರ್ಷಕ್ಕೆ ಕಾಗದ ಮಾಡಿಕೊಡುವ ಮಾಲೀಕ ಸಿಕ್ಕರೆ ಮಾತು ಬೇರೆ. ಸ್ವಂತ ಹೊಲದವರಿಗೂ ಸುತ್ತಲ ನಾಲ್ಕು ಹೊಲದವರ ಜೊತೆ ಮಾತಾಗದೆ ಹುಲ್ಲು ಉಳಿಯುವುದಿಲ್ಲ. ಏಪ್ರಿಲ್‌ನಲ್ಲಿ ಸುತ್ತ ಎಲ್ಲ ಬೋಳಾಗಿದ್ದು ನಿಮ್ಮದೊಂದೇ ಹೊಲದಲ್ಲಿ ಹುಲ್ಲು ನಿಂತಿದ್ದರೆ ಮುಳ್ಳುಬೇಲಿ ಎಷ್ಟು ದಿನ ತಡೆದೀತು? ಪಕ್ಕಪಕ್ಕದ ಮೂವರು ಒಂದೇ ವರ್ಷ ತಮ್ಮ ಮೇಲಿನ ತುಂಡುಗಳನ್ನು ಹುಲ್ಲಿಗೆ ಕೊಟ್ಟರೆ ಒಬ್ಬನೇ ಕಾವಲುಗಾರ ಸಾಕು.

ಹುಲ್ಲು ಮುರಿಯುವಾಗ

ಮೂರು ವರ್ಷದಲ್ಲಿ ಗಳಿಸಿದ್ದನ್ನು ಒಂದೇ ದಿನದಲ್ಲಿ ಕಳೆಯುವುದು ಇಲ್ಲಿ. ದೊಡ್ಡ ನೇಗಿಲು ಹಾಕಿ ಒಂದಡಿ ಆಳ ಮಗುಚಬೇಡಿ. ಮಾರ್ಚ್, ಏಪ್ರಿಲ್‌ನಲ್ಲಿ ಕುರಿ ಬಿಟ್ಟು ಬುಡದವರೆಗೆ ಮೇಯಿಸಿ, ಅಡ್ಡ ಮಳೆ ಬಿದ್ದ ಕೂಡಲೇ ಆಳಕ್ಕೆ ಹೋಗದೆ ಮೇಲ್ಮೇಲೆ ಒಂದು ಸಲ ಉತ್ತು, ಹುಲ್ಲಿನ ಬುಡಗಳು ಬಿಸಿಲಿಗೆ ಒಣಗುವ ಹಾಗೆ ಎರಡು ಸಲ ಕುಂಟೆ ಹೊಡೆದರೆ ಸಾಕು. ಇಳಿಜಾರಿದ್ದರೆ ಇಡೀ ತುಂಡನ್ನು ಒಮ್ಮೆಗೇ ಮುರಿಯದೆ ಅಡ್ಡಡ್ಡ ಪಟ್ಟಿಗಳಲ್ಲಿ, ಒಂದು ಪಟ್ಟಿ ಮುರಿದು ಒಂದು ಬಿಟ್ಟು, ಎರಡು ವರ್ಷಕ್ಕೆ ಹಂಚಿ.

ಮುರಿಯುವುದಕ್ಕೂ ಬಿತ್ತನೆಗೂ ಮೂರ್ನಾಲ್ಕು ವಾರ ಅಂತರವಿರಲಿ. ಸತ್ತ ಹುಲ್ಲುಬೇರು ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಹಿಡಿದುಕೊಳ್ಳುತ್ತವೆ. ಆ ಹೊತ್ತಿನಲ್ಲಿ ಬಿತ್ತಿದ ಸಜ್ಜೆ ಹಳದಿಯಾಗಿ, “ಹುಲ್ಲಿನಿಂದ ಹೊಲ ಕೆಟ್ಟಿತು” ಎಂಬ ಮಾತು ಹುಟ್ಟುತ್ತದೆ. ಸ್ಟೈಲೋ ಚೆನ್ನಾಗಿ ಹಬ್ಬಿದ್ದ ಹೊಲದಲ್ಲಿ ಈ ಕಾಟ ಕಡಿಮೆ. ಬರೀ ಅಂಜನ್ ಇದ್ದರೆ ಮೊದಲ ಬೆಳೆಯಾಗಿ ಹೆಸರು ಅಥವಾ ಅಲಸಂದೆ ಹಾಕಿ, ಇಲ್ಲವೇ ಸಜ್ಜೆಗೆ ಬಿತ್ತುವಾಗಲೇ ಸ್ವಲ್ಪ ಯೂರಿಯಾ ಕೊಡಿ. ಶೇಂಗಾ ಹಾಕುವ ಆಸೆ ಇದ್ದರೆ ಮುಂಚೆ ನಾಲ್ಕಾರು ಕಡೆ ಒಂದಡಿ ಉದ್ದಗಲದ ಗುಂಡಿ ತೆಗೆದು ನೋಡಿ. ಹುಲ್ಲಿನ ಬೇರು ತಿಂದು ಬೆಳೆದ ಗೊಣ್ಣೆ ಹುಳು ಕಂಡರೆ ಆ ವರ್ಷ ಶೇಂಗಾ ಬೇಡ. ಇನ್ನೊಂದೆರಡು ಸಲ ಹರಗಿ ಹುಳುಗಳನ್ನು ಕಾಗೆ ಬೆಳ್ಳಕ್ಕಿಗೆ ಬಿಟ್ಟು, ಶೇಂಗಾವನ್ನು ಮರುವರ್ಷಕ್ಕೆ ಇಟ್ಟುಕೊಳ್ಳಿ.